ಏಳು ಮನೆಗಳ ಒಂದು ಉಪವಾಸ

ಆ ದಿನಗಳಲ್ಲಿ ಸಂಜೆಯಾದರೆ ಕರೆಂಟ್ ಹೋಗುತ್ತಿತ್ತು. ಹಾಗೆಂದು ನೆನಪು, ದಿನಾ ಹೋಗಿರಲಾರದು. ಹೋದ ದಿನ ಮೆಲ್ಕಾರ್ ಪೇಟೆಯ ಮಸೀದಿಯ ಮೈಕ್ ಸತ್ತು, ಗುಡ್ಡದ ಮೇಲಿನ ನಮ್ಮ ಓಣಿಗೆ ಬಾಂಕ್ ಕೇಳುತ್ತಿರಲಿಲ್ಲ. ಆಜಾನನ್ನು ನಾವು ಬಾಂಕ್ ಎನ್ನುವುದು. ರಂಜಾನಿನಲ್ಲಿ ಅಂಥ ಸಂಜೆ ಓಣಿಯ ತುದಿಯ ಪಾಗಾರದ ಗೋಡೆ ಹತ್ತಿ, ಮೈಕಿಲ್ಲದ ದನಿಗೆ ಕಿವಿಗೊಟ್ಟು ನಿಂತು, ಏಳು ಮನೆಗಳಿಗೆ "ಬಾಂಕ್ ಆಯ್ತು" ಎಂದು ಕೂಗುವ ಕೆಲಸ ನನ್ನದು. ನನಗೆ ಒಂಬತ್ತು ವರ್ಷ.

ಮನೆಗಳಲ್ಲಿ ಗಡಿಯಾರ ಇತ್ತು. ಓಣಿಗೆ ಹಿರಿಯರಾದ ಐಸಮ್ಮ ಅದನ್ನು ನಂಬುತ್ತಿರಲಿಲ್ಲ. "ಗಡಿಯಾರಕ್ಕೆ ಉಪವಾಸ ಉಂಟಾ? ಉಪವಾಸ ಹಿಡಿದವರು ಹೇಳಲಿ."

ಅಂಥದ್ದೇ ಒಂದು ಸಂಜೆ, ಮಾರ್ಚಿನ ಸೆಕೆ. ಬೆನ್ನ ಹಿಂದೆ ತರಿ ಗಂಜಿಯ ಒಗ್ಗರಣೆಗೆ ತುಪ್ಪದಲ್ಲಿ ಈರುಳ್ಳಿ ಕೆಂಪಗಾಗುವ ವಾಸನೆ. ಕೆಳಗಿನ ರಸ್ತೆಯಿಂದ ಏನೋ ಒಂದು ಉದ್ದಕ್ಕೆ ಎಳೆದಂತೆ ಕೇಳಿತು. ಲಾರಿಯ ಹಾರ್ನ್ ಎಂದು ಕೆಲವರಿಗೆ ಹೇಳಿದ್ದೇನೆ, ಮೀನಿನವನ ಕೂಗು ಎಂದು ಮಗಳಿಗೆ. ಎರಡನ್ನೂ ನಾನೇ ಕಟ್ಟಿರಬೇಕು. ನಿಜವೆಂದು ಹೇಳಬಲ್ಲದ್ದು ಬಾಯಾರಿಕೆಯೊಂದನ್ನೇ.

"ಬಾಂಕ್ ಆಯ್ತು" ಎಂದು ಕೂಗಿದೆ.

ಓಡಿ ಬಂದು ಅರ್ಧ ಲೋಟ ನೀರು ಕುಡಿಯುವಷ್ಟರಲ್ಲಿ ಕರೆಂಟ್ ಬಂತು. ದೂರದ ಮೈಕ್ ಕರಕರ ಎಂದಿತು. ಆಮೇಲೆ ಬಾಂಕ್, ಮೊದಲ ಮಾತಿನಿಂದ.

ಉಮ್ಮನ ಕೈಯ ಚಮಚ ಅಲ್ಲೇ ನಿಂತಿತು. ಪಕ್ಕದ ಮನೆಯಲ್ಲಿ ಯಾರೋ ಖರ್ಜೂರ ಉಗುಳಿದ್ದು ಕೇಳಿತು. ಆ ಮನೆಯ ನೆಬಿಸಾ ಕಿಟಕಿಯಿಂದಲೇ ಹೇಳಿದಳು, "ಇವಳ ಕಿವಿಗೇ ಹಸಿವಾದದ್ದು ಮಾರಾಯ್ತಿ."

"ಕೇಳಿದ್ದು ಹೌದಾ?" ಉಮ್ಮ ಕೇಳಿದರು.

"ಹೌದು."

ಓಣಿಯ ಹೆಂಗಸರು ಐಸಮ್ಮನ ಚಾವಡಿಯಲ್ಲಿ ಸಾಲಾಗಿ ನಿಂತು ಮಗ್ರಿಬ್ ನಮಾಜ್ ಮಾಡುತ್ತಿದ್ದರು, ಭುಜಕ್ಕೆ ಭುಜ ತಾಗಿಸಿ. ಆ ಸಂಜೆ ನೆಬಿಸಾಳ ಭುಜಕ್ಕೂ ನನ್ನದಕ್ಕೂ ನಡುವೆ ಒಂದು ಗೇಣು ಇತ್ತು. ನಾನೇ ದೂರ ನಿಂತಿದ್ದೆನೇನೋ.

ಮರುದಿನ ಮಸೀದಿಯ ಉಸ್ತಾದರು ಹೇಳಿ ಕಳಿಸಿದರು: ಸೂರ್ಯ ಮುಳುಗಿರಲಿಲ್ಲ, ಬಿಟ್ಟವರೆಲ್ಲ ಒಂದು ಉಪವಾಸ ಪುನಃ ಹಿಡಿಯಬೇಕು. ಅವರವರಿಗೆ ಆದ ದಿನ ಹಿಡಿಯಬಹುದಿತ್ತು. ಐಸಮ್ಮ ಬಿಡಲಿಲ್ಲ. "ಒಟ್ಟಿಗೆ ಬಿಟ್ಟದ್ದಲ್ವಾ, ಒಟ್ಟಿಗೇ ಹಿಡಿಯುವ. ಹಬ್ಬ ಕಳೆಯಲಿ."

"ನೀನು ಸಣ್ಣವಳು, ನಿನಗೆ ಬೇಡ" ಎಂದರು ಉಮ್ಮ. ನಾನೂ ಹಿಡಿದೆ.

ಹಬ್ಬದ ಮರುವಾರ, ಆ ಉಪವಾಸದ ಸಂಜೆ, ಐಸಮ್ಮ ನನ್ನನ್ನು ಕರೆದರು. "ಪಾಗಾರ ಹತ್ತು."

"ಕರೆಂಟ್ ಉಂಟಲ್ಲ. ಮೈಕ್ ಕೇಳ್ತದೆ."

"ಕೇಳಲಿ. ನೀನು ಹೇಳದೆ ನಾನು ಬಾಯಿಗೆ ಹಾಕುವುದಿಲ್ಲ."

ಹತ್ತಿದೆ. ಮೈಕಿನಲ್ಲಿ ಬಾಂಕ್ ಸ್ಪಷ್ಟವಾಗಿ ಬಂತು. ನಾನು ಕೂಗಲಿಲ್ಲ. ಏಳು ಬಾಗಿಲಲ್ಲೂ ಖರ್ಜೂರ ಹಿಡಿದ ಕೈಗಳು, ಎಲ್ಲರ ಕಣ್ಣೂ ನನ್ನ ಮೇಲೆ. ಇದೂ ನಾನು ಬಯಸಿ ಕೇಳಿದ್ದಾದರೆ? ಬಾಂಕ್ ಅರ್ಧವಾಯಿತು. "ಹೇಳು ಮಗಾ, ತಲೆ ತಿರುಗ್ತದೆ ನನಗೆ" ಎಂದಳು ನೆಬಿಸಾ. ಅವಳೂ ಬಾಯಿಗೆ ಹಾಕಲಿಲ್ಲ. ಕೊನೆಯ ಮಾತೂ ಮುಗಿದ ಮೇಲೆ ಹೇಳಿದೆ. ಕೂಗಾಗಿರಲಿಲ್ಲ, ಆದರೂ ಎಲ್ಲರಿಗೂ ಕೇಳಿತು.

ನಮಾಜಿಗೆ ನಿಂತಾಗ ನೆಬಿಸಾ ನನ್ನ ತೋಳು ಹಿಡಿದು ಹತ್ತಿರಕ್ಕೆ ಎಳೆದಳು. ಅವಳ ಬಟ್ಟೆಗೆ ಈರುಳ್ಳಿಯ ವಾಸನೆ ಇತ್ತು. ಇದನ್ನು ಮಾತ್ರ ನಾನು ಕಟ್ಟಿಲ್ಲ.

ಈಗ ನನ್ನ ಅಡುಗೆಮನೆಯಲ್ಲಿ ಫೋನೇ ಬಾಂಕ್ ಕೊಡುತ್ತದೆ. ಒಂದು ನಿಮಿಷವೂ ತಪ್ಪುವುದಿಲ್ಲ. ನಿಂತಲ್ಲೇ ನೀರು ಕುಡಿದು, ಕೋಣೆಯಲ್ಲಿ ಒಬ್ಬಳೇ ನಮಾಜ್ ಮಾಡುತ್ತೇನೆ. ತಪ್ಪಿದರೂ ನಾನೊಬ್ಬಳೇ ತಪ್ಪುವುದು, ನಾನೊಬ್ಬಳೇ ಪುನಃ ಹಿಡಿಯುವುದು. ನನ್ನ ಒಂದು ಮಾತಿಗಾಗಿ ಖರ್ಜೂರ ಹಿಡಿದು ಬಾಗಿಲಲ್ಲಿ ನಿಂತವರು ಯಾರೂ ಇಲ್ಲ.