ಬಾವಿಗಿಳಿದ ಚಿಮಣಿ ಎಣ್ಣೆ

ಮಹಾಯುದ್ಧದ ಕಾಲಕ್ಕೆ ಕುಮಟೆ ಪೇಟೆಯಲ್ಲಿ ಚಿಮಣಿ ಎಣ್ಣೆ, ಅಂದರೆ ಸೀಮೆ ಎಣ್ಣೆ, ಸಿಕ್ಕಿತೆಂದರೆ ದೇವರೇ ಸಿಕ್ಕಿದಂತೆ. ಅಕ್ಕ ಚೊಚ್ಚಲ ಹೆರಿಗೆಗೆ ಹೊಳನಗದ್ದೆಯ ನಮ್ಮ ಮನೆಗೆ ಬರುವವಳಿದ್ದಳು. ಬಾಣಂತಿ ಕೋಣೆಯ ದೀಪ ಆರಬಾರದೆಂದು ಅಪ್ಪ ಅವರಿವರ ಕೈಕಾಲು ಹಿಡಿದು ಒಂದು ಡಬ್ಬಿ ಎಣ್ಣೆ ತಂದ. ನಮ್ಮದು ತೆಂಗಿನ ಮಡಲು ಹೊದಿಸಿದ ಮನೆ. ಬೆಂಕಿಯ ಭಯಕ್ಕೆ ಅಜ್ಜಿ ಅದನ್ನು ಒಳಗಿಡಲು ಬಿಡಲಿಲ್ಲ. ಮಳೆಗಾಲಕ್ಕೆಂದು ಹಲಸಿನ ಬೇಳೆಯನ್ನು ಮಣ್ಣಿನಲ್ಲಿ ಹುಗಿದಿಡುತ್ತಿದ್ದವಳು ಅವಳು. ಮಣ್ಣಲ್ಲಿಟ್ಟದ್ದು ಕೆಡುವುದಿಲ್ಲವೆಂದು ಡಬ್ಬಿಯನ್ನೂ ಬಾವಿಯ ಪಕ್ಕದ ತಂಪು ಮರಳಿನಲ್ಲಿ ಹುಗಿಸಿದಳು. ಹೆರಿಗೆಯ ದಿನ ಅಗೆದರೆ ಡಬ್ಬಿಗೆ ತಳವೇ ಇರಲಿಲ್ಲ. ಕಡಲ ದಂಡೆಯ ಉಪ್ಪು ನೆಲ ಅಷ್ಟು ತಿಂಗಳಲ್ಲಿ ತಗಡನ್ನು ತಿಂದು ಹಾಕಿತ್ತು.

ಗಂಡು ಮಗು ಹುಟ್ಟಿತು, ಕೊಬ್ಬರಿ ಎಣ್ಣೆಯ ದೀಪದಲ್ಲೇ. ಆದರೆ ಬಾವಿಯ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಟ್ಟಿತ್ತು.

ಆ ಎಣ್ಣೆಯ ಗುಣ ನಮಗೆ ತಿಳಿದದ್ದು ಆಗಲೇ. ಅಂಗಳಕ್ಕೆ ಚೆಲ್ಲಿದ ನೀರಿನ ವಾಸನೆ ಬಿಸಿಲಿಗೆ ಹಾರಿಹೋಗುತ್ತಿತ್ತು. ಬಾವಿಯಲ್ಲಿ ಮಾತ್ರ ಅದು ನೀರಿನೊಡನೆ ಬೆರೆಯದೆ ಮೇಲೆಯೇ ತೇಲುತ್ತಿತ್ತು. ಹಳೇ ಸೀರೆಯ ತುಂಡು ಅದ್ದಿ ತೆಗೆದರೆ ಬೆಳಗಾಗುವಷ್ಟರಲ್ಲಿ ಮತ್ತೆ ಹಾಜರು. ಕೊಡಪಾನವನ್ನು ಆಳಕ್ಕೆ ಮುಳುಗಿಸಿದರೂ ಮೇಲೆ ಬರುವಾಗ ಪೊರೆ ಹಾದೇ ಬರಬೇಕಲ್ಲ. ಕಾಯಿಸಿದರೂ ಕೆಟ್ಟ ರುಚಿ ಬಿಡಲಿಲ್ಲ. ಬಾವಿಯನ್ನೇ ಬರಿದು ಮಾಡಿದರೆ, ಮರಳಿನಿಂದ ಒಸರಿದ ಹೊಸ ನೀರೇ ಅದನ್ನು ಹೊತ್ತು ತಂದಿತು. ಅಕ್ಕ ಕುಡಿದದ್ದನ್ನೆಲ್ಲ ಕಕ್ಕಿದಳು. ಹಾಲು ಬತ್ತತೊಡಗಿತು, ಕೂಸು ಅತ್ತೂ ಅತ್ತೂ ದನಿ ಕಳೆದುಕೊಂಡಿತು.

ಬೇಲಿಯಾಚೆ ಮೀನುಗಾರರ ಮನೆ. ಕೊಂಕಣಿ ಮಾತಾಡುವ ಆ ಮನೆಯ ಹೆಂಗಸನ್ನು ನಾವೆಲ್ಲ ‘ಬಾಯಿ’ ಎನ್ನುತ್ತಿದ್ದೆವು. ಮಾತು ಬೇಲಿ ದಾಟುತ್ತಿತ್ತು, ನೀರು ದಾಟುತ್ತಿರಲಿಲ್ಲ. ಅವಳು ನಮ್ಮ ಬಾವಿಕಟ್ಟೆ ಮುಟ್ಟುವಂತಿರಲಿಲ್ಲ, ಅವಳ ಬಾವಿಯ ನೀರು ಅಜ್ಜಿಯ ಮಡಿಗೆ ಆಗುತ್ತಿರಲಿಲ್ಲ. ಕೂಸಿನ ಅಳು ಕೇಳಿ ಬಾಯಿ ಯಾರೂ ಕರೆಯದೆ ತುಂಬಿದ ಕೊಡ ತಂದಳು. ಬೇಲಿ ದಾಟುವ ದಣಪೆಯ ಬಳಿ ಇಟ್ಟು ದೂರ ನಿಂತಳು.

"ಕೂಸಿಗೆ ಎಂತ ಮಡಿ, ಅಮ್ಮಾ?" ಅಂದಳು.

ಆಪತ್ತಿಗಾದವನೇ ನೆಂಟ ಎಂದು ಮಾತಿಗೊಮ್ಮೆ ಹೇಳುತ್ತಿದ್ದ ಅಜ್ಜಿ ತಾನೇ ಹೋಗಿ ಕೊಡವನ್ನು ಸೊಂಟಕ್ಕೇರಿಸಿ ತಂದಳು. ಬಾಣಂತಿಗೆ ಮಾತ್ರ ಎಂದು ಶುರುವಾದ ನೀರು ನಮ್ಮ ಅನ್ನಕ್ಕೂ ಬಂತು, ಕಡೆಗೆ ದೇವರ ಅಭಿಷೇಕಕ್ಕೂ ಬಂತು. ದೇವರೇನೂ ತಕರಾರು ಮಾಡಲಿಲ್ಲ. ಅಕ್ಕನ ಮಗ ಗುಂಡುಗುಂಡಗೆ ಬೆಳೆದ. ಆ ಮನೆಯ ಋಣ ನಮ್ಮ ಮೈಯಲ್ಲೇ ಇದೆ, ತೀರಿಸಿದೆವೆಂದು ನಾನು ಯಾವತ್ತೂ ಹೇಳಲಾರೆ.

ಬೇಸಿಗೆಯಲ್ಲಿ ನಮ್ಮ ಬಾವಿಯ ನೀರು ತಿಳಿಯಾದಂತೆ ಕಾಣುತ್ತಿತ್ತು. ಮಳೆ ಬಿದ್ದು ಬಾವಿ ಉಕ್ಕಿದರೆ ಮರಳಲ್ಲಿ ಅಂಟಿ ಕುಳಿತ ಎಣ್ಣೆ ಮತ್ತೆ ಇಳಿದು ಬರುತ್ತಿತ್ತು. ಹೀಗೆ ಕೆಲವು ಮಳೆಗಾಲ ನಮ್ಮನ್ನು ಆಡಿಸಿ, ಯುದ್ಧವೆಲ್ಲ ಮುಗಿದ ಮೇಲೆ ಒಂದು ಸಲ ದೊಡ್ಡ ಮಳೆಗೂ ಪೊರೆ ಕಟ್ಟಲಿಲ್ಲ. ಅಜ್ಜಿಗೆ ತನ್ನ ಮೂಗಿನ ಮೇಲೇ ನಂಬಿಕೆಯಿಲ್ಲ. ಬಾಯಿಯನ್ನು ಕರೆದಳು. ಅವಳು ರೂಢಿಯಂತೆ ದಣಪೆಯ ಹತ್ತಿರವೇ ನಿಂತಳು. ಅಜ್ಜಿ ಅವಳನ್ನು ಬಾವಿಕಟ್ಟೆಗೆ ಬರಹೇಳಿ, ಕೈಗೆ ಹಗ್ಗ ಕೊಟ್ಟಳು.

"ನೀನೇ ಎತ್ತು. ನೀ ಕುಡ್ದು ಆತು ಅಂದ್ರೆ ಆತು."

ಬಾಯಿ ಸೆರಗಿಗೆ ಕೈ ಒರೆಸಿಕೊಂಡು ನೀರೆತ್ತಿದಳು. ಬೊಗಸೆಯಲ್ಲಿ ಕುಡಿದು, ಆತು ಅಂದಳು. ಆಮೇಲೆ ಅಜ್ಜಿ ಅದೇ ಕೊಡಪಾನಕ್ಕೆ ಬೊಗಸೆಯೊಡ್ಡಿದಳು.