ಅರ್ನಾಳಾ ಕೋಟೆಯಿಂದ ಅಮ್ಮನನ್ನು ದಾಟಿಸಿದ್ದು

ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಲೋಕಲ್ ರೈಲಿನ ಒಂದೇ ಡಬ್ಬಿಯಲ್ಲಿ ಹೋಗುವ ನಾವು ಹದಿನೈದು ಮಂದಿ ವರ್ಷಕ್ಕೊಂದು ಪಿಕ್ನಿಕ್ ಮಾಡುತ್ತೇವೆ. ಈ ಸಲ ಮನೆಯವರನ್ನೂ ಕರೆತರಬೇಕೆಂದು ತೀರ್ಮಾನವಾಯಿತು. ನಾನು ಅಮ್ಮನನ್ನು ಕರೆದುಕೊಂಡು ಹೋದೆ. ಹೋದದ್ದು ವಸಾಯಿಯ ಆಚೆಗಿನ ಅರ್ನಾಳಾ ಎಂಬ ಸಣ್ಣ ದ್ವೀಪಕ್ಕೆ, ಅಲ್ಲಿಯ ಹಳೆಯ ಕೋಟೆ ನೋಡಲು. ಮೀನುಗಾರರ ದೋಣಿಯಲ್ಲಿ ಹತ್ತು ನಿಮಿಷದ ದಾರಿ.

ಅಮ್ಮನಿಗೆ ಎರಡೂ ಮೊಣಕಾಲು ನೋವು. ದೋಣಿಯ ಬಲಬದಿಯ ಅಂಚಿಗೆ ಒರಗಿಸಿ, ತಗ್ಗಿನ ಹಲಗೆಯ ಮೇಲೆ ಕೂರಿಸಿದೆ. ಅವಳಿಗೆ ಈಜು ಬಾರದು. ನನಗೂ ಬಾರದು.

ದ್ವೀಪಕ್ಕೆ ಇನ್ನೂ ಸಾಕಷ್ಟು ದೂರವಿರುವಾಗ ದೋಣಿಯವನು ಎಂಜಿನ್ ನಿಧಾನ ಮಾಡಿದ. ಆ ಸದ್ದು ಇಳಿದದ್ದೇ ತಡ, ನಮ್ಮವರೆಲ್ಲ ಎದ್ದರು. ಯಾರೂ ಯೋಚಿಸಿ ಎದ್ದದ್ದಲ್ಲ. ನಮ್ಮ ಲೋಕಲ್‌ನಲ್ಲಿ ಠಾಣೆ ಸ್ಟೇಷನ್ನಿನಲ್ಲಿ ಇಳಿಯಬೇಕಾದವನು ಅದಕ್ಕೂ ಮೊದಲೇ, ಮುಂಬ್ರಾ ದಾಟುತ್ತಿದ್ದಂತೆ, ಎದ್ದು ಬಾಗಿಲಿಗೆ ಬರಬೇಕು. ಇಲ್ಲದಿದ್ದರೆ ಮುಂದಿನ ಸ್ಟೇಷನ್‌ವರೆಗೆ ಹೋಗಿ ವಾಪಸು ಬರಬೇಕು. ಇಷ್ಟು ವರ್ಷ ಕಾಲುಗಳು ಕಲಿತದ್ದು ಅದು. ಬ್ಯಾಗು ಹೆಗಲಿಗೇರಿಸಿ ಎಲ್ಲರೂ ಇಳಿಯುವ ಬದಿಗೆ, ಅಂದರೆ ಬಲಬದಿಗೆ, ಒತ್ತಿಕೊಂಡು ಬಂದರು.

ದೋಣಿ ವಾಲಿತು. ಅಂಚು ನೀರಿನ ಮಟ್ಟಕ್ಕಿಳಿಯಿತು. ಸಮುದ್ರ ಒಳಗೆ ಬಂದು ಅಮ್ಮನ ಮಡಿಲು ತುಂಬಿತು. ಅವಳು ಎರಡೂ ಕೈಯಲ್ಲಿ ಹಲಗೆ ಹಿಡಿದುಕೊಂಡಳು.

"ಖಾಲಿ ಬಸಾ! ಖಾಲಿ ಬಸಾ!" ಎಂದು ದೋಣಿಯವನು ಅರಚಿದ. ಕೆಳಗೆ ಕೂರಿ ಎಂದು. ಕೂತರು, ಬಿದ್ದರು, ಒಬ್ಬರ ಮೇಲೊಬ್ಬರು. ದೋಣಿ ನೆಟ್ಟಗಾಯಿತು. ಎಲ್ಲ ಸೇರಿ ಮೂರು ನಾಲ್ಕು ಸೆಕೆಂಡಿರಬೇಕು.

ದಡ ಸೇರಿದ ಮೇಲೆ ಎಲ್ಲರಿಗೂ ಮಾತು ಬಂತು. ಬೈಗುಳ ಬಿದ್ದದ್ದು ನಮ್ಮ ಡಬ್ಬಿಯ ವಿಜಯಪುರದವರೊಬ್ಬರ ಮೇಲೆ. ಠಾಣೆಯ ಕಾರ್ಖಾನೆಗಳ ವಾಗ್ಳೆ ಎಸ್ಟೇಟಿನಲ್ಲಿ ಹಮಾಲರ ಮುಕಾದಮ್, ಅಂದರೆ ಮೇಸ್ತ್ರಿ, ಭಾರೀ ಆಳು.

"ಮುಕಾದಮ್, ಮೊದಲು ಎದ್ದದ್ದು ನೀವೇ. ದೋಣಿ ವಾಲಿದ್ದು ನಿಮ್ಮ ತೂಕಕ್ಕೆ!" ಎಂದರು ಒಬ್ಬರು.

"ಹೇರ್ರಿ, ಎಲ್ಲಾ ಗೋಣಿ ನನ್ನ ಮ್ಯಾಲೇ ಹೇರ್ರಿ. ಹಮಾಲ ಅಲ್ಲೇನ್ ನಾ!" ಎಂದು ಅವರು ನಕ್ಕರು. ನಾನೂ ನಕ್ಕೆ.

ಕೋಟೆಯ ಬಾಗಿಲಲ್ಲಿ ಕಲ್ಲಿನ ಆನೆಗಳಿವೆ. ಒಳಗೆ ಎಂಟು ಮೂಲೆಯ ಕೊಳ, ಸಣ್ಣ ಗುಡಿ, ದರ್ಗಾ, ತರಕಾರಿ ಮಡಿಗಳು. ಇವನ್ನು ನೋಡಿದ್ದೇನೆ, ಬರೆದಿಟ್ಟುಕೊಂಡಿದ್ದೇನೆ. ಆದರೆ ಗೋಡೆಯ ಮೇಲೆ ನಡೆಯುವಾಗ ನಾನು ನಿಜವಾಗಿ ಹುಡುಕುತ್ತಿದ್ದದ್ದು ಆಚೆ ದಡಕ್ಕೆ ವಾಪಸಾಗುವ ಬೇರೊಂದು ದಾರಿ. ಪ್ರತಿ ಬುರುಜಿನಿಂದಲೂ ನೀರೇ ಕಂಡಿತು. ಮಧ್ಯಾಹ್ನದ ಗಾಳಿ ಎದ್ದಿತ್ತು. ಬೆಳಗ್ಗೆ ಇಲ್ಲದ ಬಿಳಿ ನೊರೆ ಈಗ ದಡದವರೆಗೂ ಇತ್ತು.

ಅಮ್ಮ ಬಾಗಿಲ ಮೆಟ್ಟಿಲ ಮೇಲೇ ಕೂತಿದ್ದಳು. ಸೀರೆ ಒಣಗಿ ಉಪ್ಪಿನ ಗೆರೆ ಬಿದ್ದಿತ್ತು.

"ಆಚೆ ಹೋಗ್ಲಿಕ್ಕೆ ಬೇರೆ ದಾರಿ ಉಂಟಾ?"

"ಇಲ್ಲಮ್ಮ."

"ಹಾಗಾದ್ರೆ ನಾನು ಬರುದಿಲ್ಲ."

"ನಾಲ್ಕಕ್ಕೆ ಕೊನೆಯ ದೋಣಿಯಂತೆ. ಆಮೇಲೆ ಗಾಳಿ ಜೋರು. ಈ ಸಲ ಮುಕಾದಮರನ್ನು ನಡುವೆ ಕೂರಿಸ್ತೇವೆ."

"ಅವರನ್ನು ಎಂತಕ್ಕೆ? ಅವರು ನನ್ನ ಎದುರೇ ಕೂತಿದ್ರು ಮಾರಾಯ. ಮೊದಲು ಎದ್ದದ್ದು ನೀನು."

ಇಲ್ಲ ಎನ್ನಲು ಬಾಯಿ ತೆರೆದೆ. ನಡೆದದ್ದನ್ನು ಕ್ರಮವಾಗಿ ನೆನೆಸಿಕೊಳ್ಳುವುದು ನನ್ನ ಉದ್ಯೋಗ. ಮೂವತ್ತು ವರ್ಷ ಪತ್ರಿಕೆಯಲ್ಲಿ ಇನ್ನೊಬ್ಬರ ವರದಿ ತಿದ್ದಿದ್ದೇನೆ. ಎಂಜಿನ್ ಸದ್ದು ಇಳಿದದ್ದು, ಬ್ಯಾಗಿನ ಪಟ್ಟಿ ಹೆಗಲಿಗೆ ಬಂದದ್ದು, ಆಮೇಲೆ ಅಮ್ಮನ ಬೈತಲೆ. ಅದನ್ನು ನಾನು ಮೇಲಿನಿಂದ ನೋಡಿದ್ದೆ. ಸುತ್ತ ಉಳಿದವರು ಇನ್ನೂ ಕೂತೇ ಇದ್ದರು.

ದೋಣಿಯ ಬಳಿ ಎಲ್ಲರೂ ಸೇರಿದಾಗ ಹೇಳಿದೆ: ಮೊದಲು ಎದ್ದವನು ನಾನು, ಮುಕಾದಮರಲ್ಲ. ಯಾರೂ ನಗಲಿಲ್ಲ. ಮುಕಾದಮ್ ನನ್ನ ಕಡೆ ತಿರುಗಿದರು.

"ಮತ್ತ ಮಧ್ಯಾನದತನಾ ಸುಮ್ನಿದ್ರಲ್ರೀ ಸಾಹೇಬ್ರ?"



ಅಮ್ಮ ದೋಣಿಯವನಿಗೆ ಮರಾಠಿಯಲ್ಲಿ ಹೇಳಿದಳು: ಹಲಗೆಯ ಮೇಲೆ ಯಾರೂ ಬೇಡ, ಎಲ್ಲರೂ ತಳದಲ್ಲಿ ಕೂರಲಿ. ನನ್ನನ್ನು ತನ್ನ ಮುಂದೆ ಕೂರಿಸಿಕೊಂಡು, ಹಿಂದಿನಿಂದ ನನ್ನ ಬೆಲ್ಟ್ ಹಿಡಿದಳು. ದೋಣಿ ಏಳುತ್ತಿತ್ತು, ಬೀಳುತ್ತಿತ್ತು. ಪ್ರತಿ ಸಲ ಬಿದ್ದಾಗಲೂ ನೀರು ಮುಖಕ್ಕೆ ಹೊಡೆಯಿತು. ಯಾರ ಹೆಂಡತಿಯೋ ಸಣ್ಣಗೆ ಅಳುತ್ತಿದ್ದರು. ದಡದ ಜನ ಕಾಣುವಷ್ಟು ಹತ್ತಿರ ಬಂದಾಗ ದೋಣಿಯವನು ಎಂಜಿನ್ ನಿಧಾನ ಮಾಡಿದ.

ನನ್ನ ಹಿಮ್ಮಡಿಗಳು ತಾವಾಗಿ ದೋಣಿಯ ತಳಕ್ಕೆ ಒತ್ತಿಕೊಂಡವು. ಕೈ ಬ್ಯಾಗಿನ ಪಟ್ಟಿಗೆ ಹೋಗಿತ್ತು. ಗೊತ್ತಿದ್ದೂ, ಹೆದರಿಕೆಯಿದ್ದೂ, ನಾನು ಏಳುತ್ತಿದ್ದೆ. ಬೆಲ್ಟ್ ಹೊಟ್ಟೆಗೆ ಬಿಗಿಯಿತು.

"ದಡ ಇನ್ನೂ ಬರ್ಲಿಲ್ಲ," ಎಂದಳು ಅಮ್ಮ ಕಿವಿಯ ಹತ್ತಿರ.

ತಳ ಮರಳಿಗೆ ತಾಗಿತು. ಅವಳು ಬಿಡಲಿಲ್ಲ. ಮುಕಾದಮ್ ಇಳಿದು ಮೊಣಕಾಲು ಮಟ್ಟದ ನೀರಿನಲ್ಲಿ ನಿಂತು ಎರಡೂ ಕೈ ಚಾಚಿದರು.

"ಬರ್ರಿ ಅವ್ವಾರ, ಅಂಜಬ್ಯಾಡ್ರಿ."

ಅಮ್ಮ ಒಂದು ಕೈಯನ್ನು ಅವರಿಗೆ ಕೊಟ್ಟಳು. ಇನ್ನೊಂದು, ಅವಳ ಕಾಲು ಮರಳು ಮುಟ್ಟುವವರೆಗೂ, ನನ್ನ ಬೆಲ್ಟಿನಲ್ಲೇ ಇತ್ತು.