ಮೈಸೂರಿನ ಸೀಟಿಗೆ ಬಲಗಡೆ ಹೂವು

ನಮ್ಮ ಮನೆಯಲ್ಲಿ ನನಗಿದ್ದ ಬಿರುದು ಬಾಯಿಬಡುಕಿ. ಕೊಟ್ಟವಳು ಅಜ್ಜಿ. ಅವಳ ಬಾಯಿಯೇ ನನಗೂ ಬಂದಿದೆ ಎಂದು ಅವ್ವ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಾ ಗೊಣಗುತ್ತಿದ್ದಳು, ನಮ್ಮಿಬ್ಬರಿಗೂ ಕೇಳಿಸುವ ಹಾಗೆ. ಬೆಳಗ್ಗೆ ಕಾಫಿಗೆ ಸಕ್ಕರೆ ಎಷ್ಟು ಎನ್ನುವುದರಿಂದ ಹಿಡಿದು ರಾತ್ರಿ ಯಾವ ಸೀರಿಯಲ್ ಹಾಕಬೇಕು ಎನ್ನುವವರೆಗೆ ನಾನೂ ಅಜ್ಜಿಯೂ ವಾದ ಮಾಡದ ವಿಷಯವೇ ಇರಲಿಲ್ಲ.

ಬೆಟ್ಟದಪುರದ ಹತ್ತಿರದ ನಮ್ಮೂರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ವರ್ಷ, ವಿಜ್ಞಾನದ ಮೇಷ್ಟ್ರು ನನ್ನಿಂದ ಒಂದು ಅರ್ಜಿ ಹಾಕಿಸಿದ್ದರು. ಮೈಸೂರಿನ ಒಂದು ದೊಡ್ಡ ಶಾಲೆಯಲ್ಲಿ ಪಿಯುಸಿ ಬದಲಿಗೆ ಎರಡು ವರ್ಷದ ಅಂತರರಾಷ್ಟ್ರೀಯ ಕೋರ್ಸ್ ಇತ್ತು. ಹಳ್ಳಿಯ ಮಕ್ಕಳಿಗೆಂದು ಕೆಲವು ಸೀಟು ಫ್ರೀ, ಹಾಸ್ಟೆಲ್ಲೂ ಸೇರಿ. ಬರುವುದಿಲ್ಲ ಎಂದುಕೊಂಡಿದ್ದ ಸೀಟು ಬಂದೇಬಿಟ್ಟಿತು. ಒಂದು ವಾರದೊಳಗೆ ಸೇರುತ್ತೇನೋ ಇಲ್ಲವೋ ಹೇಳಬೇಕಿತ್ತು. ಸೇರುವ ಮೊದಲು ಒಂದು ದಿನ ಬಂದು ತರಗತಿಯಲ್ಲಿ ಕೂತು ನೋಡಿ ಎಂದೂ ಕರೆದಿದ್ದರು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ನನ್ನ ಜೊತೆ ಹೊರಟ.

ಅಲ್ಲಿನ ಮೇಷ್ಟ್ರು ನಮ್ಮ ಜಿಲ್ಲೆಯ ನಕ್ಷೆಯೊಂದನ್ನು ಗೋಡೆಗೆ ಹಾಕಿ, "ಈ ನಕ್ಷೆ ನಿಜ ಹೇಳುತ್ತಿದೆಯೇ?" ಎಂದು ಕೇಳಿದರು. ಮಕ್ಕಳೆಲ್ಲ ಸರಸರನೆ ಇಂಗ್ಲಿಷಿನಲ್ಲಿ ಏನೇನೋ ಹೇಳತೊಡಗಿದರು. ನಕ್ಷೆಯಲ್ಲಿ ಕಾಡಿನ ಹಸಿರು ವೀರನಹೊಸಹಳ್ಳಿಯ ಹತ್ತಿರ ಗೆರೆ ಎಳೆದ ಹಾಗೆ ನಿಂತುಬಿಟ್ಟಿತ್ತು. ನನಗೆ ತಡೆಯಲಾಗಲಿಲ್ಲ. "ಸುಳ್ಳು ಸರ್. ಆ ಊರಲ್ಲಿ ನಮ್ಮ ಅತ್ತೆ ಮನೆ ಇದೆ. ಹಲಸಿನ ಕಾಲದಲ್ಲಿ ಆನೆ ಹಿತ್ತಲಿಗೇ ಬರುತ್ತೆ. ಅದಕ್ಕೆ ಈ ಗೆರೆ ಗೊತ್ತಿಲ್ಲ," ಎಂದೆ, ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ. ಒಬ್ಬ ಹುಡುಗಿ ನನ್ನ ಮಾತನ್ನು ಒಪ್ಪಲಿಲ್ಲ. ನಾನು ಅವಳನ್ನು ಒಪ್ಪಲಿಲ್ಲ. ಗಂಟೆ ಹೊಡೆಯುವವರೆಗೂ ನಮ್ಮ ಜಗಳ ನಡೆಯಿತು. ಮೇಷ್ಟ್ರು ಬೈಯುವುದಿರಲಿ, ಖುಷಿಯಾಗಿ ಕೈ ಕಟ್ಟಿಕೊಂಡು ನಿಂತಿದ್ದರು. ಎದುರು ಮಾತಿಗೆ ಅಲ್ಲಿ ಮಾರ್ಕ್ಸೂ ಉಂಟಂತೆ!

ವಾಪಸ್ ಬರುವಾಗ ಹುಣಸೂರಿನ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಾ ಅಪ್ಪ ನಕ್ಕ. "ಅಲ್ಲ ಕಣವ್ವ, ಜಗಳ ಆಡದ್ನ ಕಲಿಸ್ತಾರಲ್ಲ ಇವ್ರು! ಅದು ನಿಂಗೆ ಆಗ್ಲೇ ಬತ್ತದೆ. ಇನ್ನೇನು ಕಲೀತೀಯ?"

ಮನೆಗೆ ಬಂದರೆ ಅವ್ವನದು ಬೇರೆ ಚಿಂತೆ. "ಆ ಕೋರ್ಸು ಮುಗ್ಸಿದ್ರೆ ಇಲ್ಲಿ ಡಿಗ್ರಿ ಕಾಲೇಜ್ನೋರು ಸೇರಿಸ್ಕತಾರಾ? ಕೇಳ್ಕಂಡ್ ಬಂದ್ರಾ?" ಸೇರಿಸಿಕೊಳ್ಳುತ್ತಾರೆ ಎಂದು ಅಪ್ಪ ಹೇಳಿದ. ನನ್ನ ಗೆಳತಿ ಮಾತ್ರ ಪಿರಿಯಾಪಟ್ಟಣದ ಪಿಯು ಕಾಲೇಜಿಗೆ ಹೋಗಲು ಆಗಲೇ ಬ್ಯಾಗು ಕೊಂಡು ನನ್ನ ದಾರಿ ಕಾಯುತ್ತಿದ್ದಳು. ನನಗೂ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ. ಆ ತರಗತಿ ನೆನಪಾದರೆ ಕುಣಿಯುವಂತಾಗುತ್ತಿತ್ತು. ಆ ಮಕ್ಕಳ ಇಂಗ್ಲಿಷು ನೆನಪಾದರೆ ಗೆಳತಿಯ ಜೊತೆ ಹೋಗುವುದೇ ಮೇಲೆನಿಸುತ್ತಿತ್ತು.

ಅಜ್ಜಿ ಮಾತ್ರ ಅಷ್ಟು ಹೊತ್ತೂ ಎಲೆಯಡಿಕೆ ಕುಟ್ಟುತ್ತಾ ಕೂತಿದ್ದಳು. ಕೊನೆಗೆ, "ನಾವ್ ನಾವೇ ಕಿತ್ತಾಡದು ಬ್ಯಾಡ. ಅಮ್ಮನ್ನೇ ಕೇಳವ," ಎಂದಳು.

ನಮ್ಮೂರಲ್ಲಿ ಯಾವ ದೊಡ್ಡ ವಿಷಯಕ್ಕೂ ಊರಮ್ಮನ ಗುಡಿಯಲ್ಲಿ ಹೂ ಕೇಳುವುದು ರೂಢಿ. ಪೂಜಾರಿ ಎರಡು ಹೂವನ್ನು ನೀರಿನಲ್ಲಿ ಅದ್ದಿ ಅಮ್ಮನ ಎರಡೂ ಹೆಗಲಿಗೆ ಅಂಟಿಸುತ್ತಾರೆ. ಕೇಳುವವರು ಬಾಯಿಬಿಟ್ಟು ಕೇಳಬೇಕು. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡವೆಂದು. ಅಜ್ಜಿ ಕೈ ಮುಗಿದು, "ಈ ಕೂಸು ಊರಲ್ಲೇ ಇದ್ಕಂಡು ಓದ್ಲಿ ಅನ್ನಂಗಿದ್ರೆ ಬಲಗಡೆ ಕೊಡವ್ವ," ಎಂದಳು. ಹೂವು ಕಾದಿದ್ದಂತೆ ಬಲಗಡೆ ಬಿತ್ತು.

"ನೀನು ಪ್ರಶ್ನೆನೇ ಉಲ್ಟಾ ಕೇಳ್ದೆ!" ಎಂದು ನಾನು ಅಲ್ಲೇ ಕಿರುಚಿದೆ.

"ಅಮ್ಮನ ಮುಂದ್ಲೂ ಎದ್ರು ಮಾತಾಡ್ತೀಯೇನೆ?" ಎಂದು ಅಜ್ಜಿ ಗದರಿದಳು. ಮನೆಯಲ್ಲಿ ವಿಷಯ ಮುಗಿದೇಹೋಯಿತು. ಅಮ್ಮ ಹೇಳಿದ ಮೇಲೆ ಅಪ್ಪನಾಗಲಿ ಅವ್ವನಾಗಲಿ ಮಾತಾಡುವಂತಿರಲಿಲ್ಲ.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಮಾರನೆಯ ದಿನದಿಂದ ಪ್ರದಕ್ಷಿಣೆಯ ನೆಪದಲ್ಲಿ ಗುಡಿಗೆ ಹೋಗಿ ಕೂರತೊಡಗಿದೆ. ಹಸು ಕೊಳ್ಳಲೇ ಎಂದು ಕೇಳಿದವನಿಗೆ ಬಲಗಡೆ ಹೂವಾಯಿತು. ಹಸು ಮಾರಲೇ ಎಂದು ಕೇಳಿದವನಿಗೂ ಬಲಗಡೆಯೇ! ಇಬ್ಬರೂ ನಗುನಗುತ್ತಾ ಹೋದರು. ಬಾಗಿಲಿಗೆ ಹತ್ತಿರ ಬಂದು ನೋಡಿದೆ. ತಲೆತಲಾಂತರದಿಂದ ಅರಿಸಿನ ಹಚ್ಚಿ ಉಜ್ಜಿ ಉಜ್ಜಿ ಅಮ್ಮನ ಬಲ ಹೆಗಲು ಸವೆದು ಇಳಿಜಾರಾಗಿತ್ತು. ಅಲ್ಲಿ ಹೂವು ನಿಲ್ಲುವುದಾದರೂ ಹೇಗೆ?

ಗೆದ್ದೆ ಎಂದುಕೊಂಡು ಓಡಿದೆ. ಅಜ್ಜಿ ಹೊಲದ ಬದಿಯಲ್ಲಿ ಹೊಗೆಸೊಪ್ಪಿನ ಸಸಿಯ ಟ್ರೇಗಳ ಮುಂದೆ ಕೂತು, ನಾಟಿಗೆ ಗಟ್ಟಿ ಸಸಿಗಳನ್ನು ಬೇರೆ ಮಾಡುತ್ತಿದ್ದಳು. ಕಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದರೆ ಅವಳು ನಕ್ಕುಬಿಟ್ಟಳು.

"ಮದ್ವೆಯಾಗ್ ಬಂದ ವರ್ಸದಿಂದ್ಲೂ ಗೊತ್ತು ಕಣೆ. ಬಾಯಲ್ಲಿ ಏಳಕ್ಕೆ ಧೈರ್ಯ ಇಲ್ದಿದ್ನ ಬಲಗಡೆಗಿಟ್ಟು ಕೇಳದು. ಅಮ್ಮ ಬ್ಯಾಡ ಅನ್ನಕ್ಕಿಲ್ಲ."

"ಅಂಗಾದ್ರೆ ನಾನು ಓಗದು ನಿಂಗೆ ಬ್ಯಾಡ್ವಾ?"

ಅಜ್ಜಿ ಕೈಗಂಟಿದ ಮಣ್ಣು ಕೊಡವುತ್ತಾ, "ನೀ ಒಂಟೋದ್ರೆ ನಂಜೊತೆ ಜಗಳ ಆಡೋರು ಯಾರಿದ್ದಾರವ್ವ ಈ ಮನೇಲಿ?" ಎಂದಳು. ಆಮೇಲೆ ನನ್ನ ಮುಖ ನೋಡಿದಳು. "ಅದ್ಬುಡು. ನಿಂಗೆ ಬೇಕೋ ಬ್ಯಾಡ್ವೋ? ಅದ್ನ ಬಾಯ್ಬುಟ್ಟು ಏಳು."

ಅಷ್ಟು ದಿನ ಎಲ್ಲರ ಮೇಲೂ ಹಾರಾಡಿದವಳು ಆಗ ಟ್ರೇಯ ಸಸಿಗಳನ್ನು ಎಣಿಸತೊಡಗಿದೆ. ಅಜ್ಜಿ ಕಾದಳು. ಅವಳು ಯಾರಿಗೂ ಅಷ್ಟು ಕಾದದ್ದನ್ನು ನಾನು ಕಂಡಿಲ್ಲ. "ಬೇಕು. ಆದ್ರೆ ಭಯ ಆಯ್ತದೆ," ಎಂದೆ, ನನಗೇ ಕೇಳಿಸದಷ್ಟು ಮೆಲ್ಲಗೆ.

ಅಜ್ಜಿ ಕೈ ತೊಳೆದುಕೊಂಡು ಎದ್ದಳು. "ನಡಿ. ಈ ಸಲ ನೀನೇ ಕೇಳು."

ಗುಡಿಯಲ್ಲಿ ಪೂಜಾರಿ, ಮತ್ತೆ ಬಂದ್ರಾ ಎನ್ನುವಂತೆ ಹುಬ್ಬೇರಿಸಿದರೂ ಏನೂ ಕೇಳದೆ ಹೂವು ಅಂಟಿಸಿದರು. ನಾನು ಕೈ ಮುಗಿದು, "ನಾನು ಮೈಸೂರಿಗೆ ಓಗ್ತೀನಿ. ಓಗು ಅನ್ನದಾದ್ರೆ ಬಲಗಡೆ ಕೊಡವ್ವ," ಎಂದು ಗುಡಿಯೆಲ್ಲ ಕೇಳುವ ಹಾಗೆ ಹೇಳಿದೆ.

ಹೂವು ಬೀಳಲಿಲ್ಲ. ಪೂಜಾರಿ ಅವತ್ತು ನೀರು ಜಾಸ್ತಿ ಹಚ್ಚಿದ್ದರೋ ಏನೋ, ಎರಡೂ ಹೂವು ಅಂಟಿಕೊಂಡೇ ಇದ್ದವು. ಇಳಿಜಾರಿನ ಲೆಕ್ಕ ಗೊತ್ತಿದ್ದೂ ನಾನು ಬಲಗಡೆಯ ಹೂವನ್ನೇ ದಿಟ್ಟಿಸುತ್ತಿದ್ದೆ. ಆಗ ಪಕ್ಕದಲ್ಲಿ ಗೊಣಗು ಕೇಳಿಸಿತು. ಅಜ್ಜಿ ಕಣ್ಣು ಮುಚ್ಚಿ, ಸೆರಗೊಡ್ಡಿ ನಿಂತಿದ್ದಳು.

"ಕೊಡು ತಾಯೀ. ಓಗ್ಲಿ, ಕೊಡು. ನಾನೇ ಏಳ್ತಾವ್ನಿ, ಕೊಡವ್ವ."

ಹೂವು ಬಿದ್ದದ್ದು ಆಮೇಲೆ. ಬಲಗಡೆಗೇ ಬಿತ್ತೆಂದು ಪೂಜಾರಿ ಹೇಳಿದರು. ನಾನು ನೋಡಲಿಲ್ಲ, ಅಜ್ಜಿಯನ್ನು ತಬ್ಬಿಕೊಂಡು ಅಳುತ್ತಿದ್ದೆ.